ತರಗತಿಯಲ್ಲೇ ಫಿಲಡೆಲ್ಫಿಯಾ: ಅಮೆರಿಕದ ಸರ್ಕಾರ ಹುಟ್ಟಿದ ಕತೆಯನ್ನು ಐದು ಪೀರಿಯಡ್‌ನಲ್ಲಿ ಕಲಿಸುವ ಬಗೆ

ಅಮೆರಿಕದ ಸರ್ಕಾರದ ಪಾಠ ಸಾಮಾನ್ಯವಾಗಿ ಬೋರ್ಡಿನ ಮೇಲೆ ಮೂರು ಚೌಕ ಬರೆಯುವುದರಿಂದ ಶುರುವಾಗುತ್ತದೆ. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ; ನಡುವೆ ಅತ್ತಿಂದಿತ್ತ ಬಾಣಗಳು. ಮಕ್ಕಳು ಅದನ್ನು ನೋಟ್ಸಿಗೆ ಇಳಿಸಿಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಾರೆ, ಅಂಕವೂ ಬರುತ್ತದೆ. ಆಮೇಲೆ ಒಂದು ಪ್ರಶ್ನೆ ಕೇಳಿ ನೋಡಿ: ಸುಮಾರು 10 ಲಕ್ಷ ಜನರಿರುವ ಡೆಲವೇರ್‌ಗೂ ನಾಲ್ಕು ಕೋಟಿಯ ಹತ್ತಿರ ಜನರಿರುವ ಕ್ಯಾಲಿಫೋರ್ನಿಯಾಕ್ಕೂ ಸೆನೆಟ್‌ನಲ್ಲಿ, ಅಂದರೆ ಅಲ್ಲಿನ ಮೇಲ್ಮನೆಯಲ್ಲಿ, ಎರಡೆರಡೇ ಸೀಟು ಯಾಕೆ? ತರಗತಿ ಗಪ್‌ಚುಪ್. ಉತ್ತರ ಆ ಚೌಕಗಳಲ್ಲಿಲ್ಲ, ಅಮೆರಿಕದ ಸಂವಿಧಾನ ರೂಪಿಸಿದ ಫಿಲಡೆಲ್ಫಿಯಾ ಸಮಾವೇಶದಲ್ಲಿ 1787ರ ಜುಲೈ 16ರಂದು ನಡೆದ ಒಂದು ಮತ ಎಣಿಕೆಯಲ್ಲಿದೆ.

ಹಾಗಾಗಿ ಇಲ್ಲಿ ಹೇಳುವ ಕ್ರಮದಲ್ಲಿ ಎಣಿಕೆ ಮೊದಲು, ಚೌಕಗಳು ಕೊನೆಗೆ. 40-45 ನಿಮಿಷದ ಐದು ಪೀರಿಯಡ್ ಬೇಕು. ಇಲ್ಲಿನ ರಾಜ್ಯಶಾಸ್ತ್ರದ ತರಗತಿಗೂ ಆಗುತ್ತದೆ, ಅಮೆರಿಕದ ಶಾಲೆಗಳಲ್ಲಿ ಓದುವ ಕನ್ನಡದ ಮಕ್ಕಳಿಗೆ ವಾರಾಂತ್ಯದಲ್ಲಿ ಹೇಳಿಕೊಡುವವರಿಗೂ ಆಗುತ್ತದೆ.

ಶುರುವಿಗೆ ಮುಂಚೆ ಒಂದು ಶಬ್ದದ ತೊಡಕು ಬಿಡಿಸಿಕೊಳ್ಳಿ. ‘ರಾಜ್ಯ’ ಅಂದ ಕೂಡಲೇ ನಮ್ಮ ಮಕ್ಕಳ ತಲೆಯಲ್ಲಿ ಬರುವುದು ಕರ್ನಾಟಕ, ಕೇರಳ. ಅಂದರೆ ಮೇಲೊಂದು ಕೇಂದ್ರ, ಅದರ ಕೆಳಗೆ ಇವು. 1787ರ ವರ್ಜೀನಿಯಾ ಹಾಗಿರಲಿಲ್ಲ. ಅದಕ್ಕೆ ತನ್ನದೇ ಸುಂಕ, ತನ್ನದೇ ಸೇನಾಪಡೆ ಇತ್ತು. ಕೇಂದ್ರವೇ ಈ ರಾಜ್ಯಗಳ ಕೈಕೆಳಗೆ ಇತ್ತು. ‘ಅಮೆರಿಕ ಸಂಯುಕ್ತ ಸಂಸ್ಥಾನ’ ಎಂಬ ಹಳೆಯ ಹೆಸರಿನಲ್ಲಿರುವ ‘ಸಂಸ್ಥಾನ’ವೇ ಈ ಮಟ್ಟಿಗೆ ಹೆಚ್ಚು ನಿಜ. ಆದರೆ ಸಂಸ್ಥಾನ ಅಂದರೆ ನಮಗೆ ಮಹಾರಾಜರು ನೆನಪಾಗುತ್ತಾರೆ; ಈ ಹದಿಮೂರು ಸಂಸ್ಥಾನಗಳು ರಾಜನನ್ನು ಬೇಡವೆಂದು ಕಳಿಸಿ ಬಂದಂಥವು. ಇಷ್ಟನ್ನು ಎರಡು ನಿಮಿಷದಲ್ಲಿ ಹೇಳಿಬಿಡಿ. ಹೇಳದೆ ಹೋದರೆ ಮೂರನೇ ಪೀರಿಯಡ್‌ನಲ್ಲಿ ಡೆಲವೇರ್‌ನ ಹಟ ಯಾರಿಗೂ ಅರ್ಥವಾಗುವುದಿಲ್ಲ.

ಬೇಕಾಗುವ ಸಾಮಾನು

ರಾಜ್ಯಗಳ ಹೆಸರು ಬರೆದ ಹದಿಮೂರು ರಟ್ಟಿನ ಚೀಟಿ, ಎರಡು ಚಾರ್ಟ್ ಶೀಟ್, ಗುಂಪಿಗೊಂದು ಕ್ಯಾಲ್ಕ್ಯುಲೇಟರ್, ಸಂವಿಧಾನದ ಮೂಲ ಪಾಠದ ಪ್ರಿಂಟ್. ತಿದ್ದುಪಡಿಗಳನ್ನು ಬಿಟ್ಟರೆ ಮೂಲ ಪಾಠ ಸುಮಾರು ನಾಲ್ಕೂವರೆ ಸಾವಿರ ಪದ, ಎ4 ಹಾಳೆಯಲ್ಲಿ ಎಂಟು-ಹತ್ತು ಪುಟ. ಅಮೆರಿಕದ ನ್ಯಾಷನಲ್ ಆರ್ಕೈವ್ಸ್ ತನ್ನ ವೆಬ್‌ಸೈಟಿನಲ್ಲಿ ಪೂರ್ತಿ ಪಾಠವನ್ನು ಉಚಿತವಾಗಿ ಇಟ್ಟಿದೆ. ಪ್ರಿಂಟ್ ತೆಗೆಯುವಾಗ ತಿದ್ದುಪಡಿಗಳಿಲ್ಲದ ಪಾಠವನ್ನೇ ತೆಗೆಯಿರಿ. ಹಕ್ಕುಗಳ ಮಸೂದೆ (1791ರಲ್ಲಿ ಸೇರಿದ ಮೊದಲ ಹತ್ತು ತಿದ್ದುಪಡಿ) ಸೇರಿಕೊಂಡ ಪ್ರತಿ ಕೈಗೆ ಸಿಕ್ಕಿತೋ, ‘ವಾಕ್ ಸ್ವಾತಂತ್ರ್ಯ 1787ರಲ್ಲೇ ಇತ್ತು’ ಎಂದು ಮಕ್ಕಳು ಬರೆಯುವುದು ಖಂಡಿತ.

ಮೊದಲ ಪೀರಿಯಡ್: ಒಬ್ಬನ ‘ಇಲ್ಲ’

1776ರ ಸ್ವಾತಂತ್ರ್ಯ ಘೋಷಣೆಗೆ ಐದು ನಿಮಿಷ ಸಾಕು. ಅದು ರಾಜನಿಂದ ಬಿಡುಗಡೆಯ ಕಾಗದ, ಸರ್ಕಾರ ಕಟ್ಟುವ ಕಾಗದವಲ್ಲ. ಎರಡನ್ನೂ ಬೆರೆಸುವುದು ಈ ಪಾಠದಲ್ಲಿ ಎಲ್ಲಕ್ಕಿಂತ ಸಾಮಾನ್ಯ ತಪ್ಪು. ‘ಜೆಫರ್ಸನ್ ಸಂವಿಧಾನ ಬರೆದ’ ಎಂಬ ಉತ್ತರ ಪ್ರತಿ ಕಂತೆಯಲ್ಲೂ ಸಿಗುತ್ತದೆ. 1787ರ ಬೇಸಿಗೆಯಲ್ಲಿ ಥಾಮಸ್ ಜೆಫರ್ಸನ್ ಪ್ಯಾರಿಸ್‌ನಲ್ಲಿದ್ದ, ಜಾನ್ ಆಡಮ್ಸ್ ಲಂಡನ್‌ನಲ್ಲಿದ್ದ. ಎರಡೂ ಕಾಗದಕ್ಕೆ ಸಹಿ ಹಾಕಿದವರು ಆರೇ ಜನ: ಬೆಂಜಮಿನ್ ಫ್ರಾಂಕ್ಲಿನ್, ರಾಬರ್ಟ್ ಮಾರಿಸ್, ಜಾರ್ಜ್ ಕ್ಲೈಮರ್, ಜೇಮ್ಸ್ ವಿಲ್ಸನ್, ರೋಜರ್ ಶೆರ್ಮನ್, ಜಾರ್ಜ್ ರೀಡ್.

ಉಳಿದ ಸಮಯ ಪೂರ್ತಿ ಆರ್ಟಿಕಲ್ಸ್ ಆಫ್ ಕಾನ್ಫೆಡರೇಷನ್‌ಗೆ. 1781ರ ಮಾರ್ಚ್ 1ರಂದು ಜಾರಿಗೆ ಬಂದ ಈ ಮೊದಲ ಒಡಂಬಡಿಕೆಯ ನಿಯಮಗಳು ನಾಲ್ಕು ಸಾಲಿನಲ್ಲಿ ಬೋರ್ಡಿನ ಮೇಲಿರಲಿ: ಒಂದು ರಾಜ್ಯಕ್ಕೆ ಒಂದೇ ಮತ, ದೊಡ್ಡ ವಿಷಯಕ್ಕೆ 13ರಲ್ಲಿ 9 ಬೇಕು, ತಿದ್ದುಪಡಿಗೆ 13ಕ್ಕೆ 13 ಬೇಕು, ತೆರಿಗೆ ಹಾಕುವ ಅಧಿಕಾರ ಕಾಂಗ್ರೆಸ್‌ಗೆ (ರಾಜ್ಯಗಳ ಪ್ರತಿನಿಧಿಗಳ ಕೇಂದ್ರ ಸಭೆಗೆ) ಇಲ್ಲ, ರಾಜ್ಯಗಳನ್ನು ಕೇಳಿಕೊಳ್ಳಬಹುದು ಅಷ್ಟೆ.

ಈಗ ಹದಿಮೂರು ಚೀಟಿ ಹಂಚಿ. ರೋಡ್ ಐಲೆಂಡ್ ಚೀಟಿ ಹಿಡಿದವರ ಕಿವಿಯಲ್ಲಿ ಮಾತ್ರ ಹೇಳಿ: ‘ನಿಮ್ಮ ಆದಾಯವೆಲ್ಲ ಬಂದರಿನಿಂದ. ಏನೇ ಆಗಲಿ ಒಪ್ಪಬೇಡಿ.’ ಆಮೇಲೆ ಪ್ರಸ್ತಾವ ಮಂಡಿಸಿ: ಯುದ್ಧದ ಸಾಲ ತೀರಿಸಬೇಕು, ಸೈನಿಕರ ಸಂಬಳ ಬಾಕಿಯಿದೆ, ಆಮದು ಸರಕಿನ ಮೇಲೆ ಶೇ 5 ಸುಂಕ ಹಾಕೋಣ. ಹನ್ನೆರಡು ಕೈ ಏಳುತ್ತವೆ, ಒಂದು ಏಳುವುದಿಲ್ಲ. ಪ್ರಸ್ತಾವ ಬಿದ್ದುಹೋಯಿತು ಎಂದು ಘೋಷಿಸಿ ಸುಮ್ಮನೆ ನಿಲ್ಲಿ. ತರಗತಿ ತಾನಾಗಿ ರೋಡ್ ಐಲೆಂಡ್ ಮೇಲೆ ಮುಗಿಬೀಳುತ್ತದೆ. ಆ ಗಲಾಟೆಯೇ ಪಾಠ. 1781ರಲ್ಲಿ ಕಾಂಗ್ರೆಸ್ ಇದೇ ಶೇ 5 ಸುಂಕ ಕೇಳಿತ್ತು, 1782ರಲ್ಲಿ ರೋಡ್ ಐಲೆಂಡ್ ಅದನ್ನು ಕೆಡವಿತು. ಆ ಚೀಟಿಯನ್ನು ವಾಪಸ್ ತೆಗೆದುಕೊಂಡು ಜೋಪಾನವಾಗಿ ಇಟ್ಟುಕೊಳ್ಳಿ. ಐದನೇ ದಿನಕ್ಕೆ ಬೇಕು.

ಕೊನೆಯ ಹತ್ತು ನಿಮಿಷ ಶೇಸ್ ದಂಗೆಗೆ. ಪಶ್ಚಿಮ ಮ್ಯಾಸಚೂಸೆಟ್ಸ್‌ನ ರೈತರ ಕೈಯಲ್ಲಿ ನಾಣ್ಯವಿಲ್ಲ, ತೆರಿಗೆ ನಾಣ್ಯದಲ್ಲೇ ಕಟ್ಟಬೇಕು, ಕಟ್ಟದಿದ್ದರೆ ಕೋರ್ಟು ಜಮೀನು ಜಪ್ತಿ ಮಾಡುತ್ತದೆ. 1786ರಲ್ಲಿ ಅವರು ಕೋರ್ಟುಗಳನ್ನೇ ಮುಚ್ಚಿಸಿದರು. 1787ರ ಜನವರಿ 25ರಂದು ಸ್ಪ್ರಿಂಗ್‌ಫೀಲ್ಡ್‌ನ ಶಸ್ತ್ರಾಗಾರದ ಮೇಲೆ ನುಗ್ಗಿದಾಗ ಫಿರಂಗಿಗೆ ನಾಲ್ವರು ಸತ್ತರು. ದಂಗೆ ಅಡಗಿಸಿದ ಪಡೆಗೆ ದುಡ್ಡು ಕೊಟ್ಟದ್ದು ಕಾಂಗ್ರೆಸ್ ಅಲ್ಲ, ಬಾಸ್ಟನ್ ಕಡೆಯ ವರ್ತಕರು. ಕಾಂಗ್ರೆಸ್ ಬಳಿ ದುಡ್ಡೇ ಇರಲಿಲ್ಲ. ಸಾಲದ ಜಪ್ತಿ ಎಂದರೇನು ಎಂದು ರೈತರ ಮನೆಯ ಮಕ್ಕಳಿಗೆ ವಿವರಿಸಬೇಕಾಗಿಲ್ಲ.

ಹಾಗೆಂದು ಆರ್ಟಿಕಲ್ಸ್ ಬರೆದವರನ್ನು ದಡ್ಡರೆಂದು ತೋರಿಸಬೇಡಿ. ಬಲವಾದ ಕೇಂದ್ರದ ಏಟು ತಿಂದು ಬಂದವರು ಬೇಕೆಂದೇ ದುರ್ಬಲ ಕೇಂದ್ರ ಮಾಡಿಕೊಂಡಿದ್ದರು.

ಎರಡನೇ ಪೀರಿಯಡ್: ಯಾರು ಎಲ್ಲಿ ಕೂರಬೇಕು

ಹದಿಮೂರೂ ರಾಜ್ಯಗಳನ್ನು ಕೂರಿಸುವ ಆಸೆ ಬೇಡ. 1787ರ ಫಿಲಡೆಲ್ಫಿಯಾ ಸಮಾವೇಶಕ್ಕೆ ರೋಡ್ ಐಲೆಂಡ್ ಯಾರನ್ನೂ ಕಳಿಸಲೇ ಇಲ್ಲ. ನ್ಯೂಹ್ಯಾಂಪ್‌ಶೈರ್‌ನವರು ಬಂದದ್ದು ಜುಲೈ 23ಕ್ಕೆ. ನ್ಯೂಯಾರ್ಕಿನ ಮೂವರಲ್ಲಿ ಇಬ್ಬರು ಜುಲೈ 10ಕ್ಕೆ ಎದ್ದು ಹೋದರು. ಉಳಿದ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಒಬ್ಬನೇ ರಾಜ್ಯದ ಮತ ಹಾಕುವಂತಿರಲಿಲ್ಲ. ಹೀಗಾಗಿ ಜುಲೈ 16ರಂದು ಮತ ಹಾಕಿದ್ದು ಹತ್ತೇ ರಾಜ್ಯ. ತರಗತಿಗೆ ಹತ್ತು ಹೇಳಿಮಾಡಿಸಿದ ಸಂಖ್ಯೆ.

34 ಮಕ್ಕಳಿದ್ದರೆ ಲೆಕ್ಕ ಸರಿಯಾಗುತ್ತದೆ: ಒಂಬತ್ತು ರಾಜ್ಯಕ್ಕೆ ಮೂವರಂತೆ 27, ಮ್ಯಾಸಚೂಸೆಟ್ಸ್‌ಗೆ 4, ಅಧ್ಯಕ್ಷರು 1, ಬರೆದುಕೊಳ್ಳುವವರು 2. 40 ಇದ್ದರೆ ವರ್ಜೀನಿಯಾ, ಪೆನ್ಸಿಲ್ವೇನಿಯಾ ಮತ್ತು ಇನ್ನೊಂದಕ್ಕೆ ಇಬ್ಬಿಬ್ಬರನ್ನು ಸೇರಿಸಿ. ಸಂಖ್ಯೆ ಎಷ್ಟೇ ಆಗಲಿ, ಒಂದನ್ನು ಮಾತ್ರ ಬಿಡಬೇಡಿ: ಮ್ಯಾಸಚೂಸೆಟ್ಸ್ ಸಮಸಂಖ್ಯೆ, ಉಳಿದೆಲ್ಲ ಬೆಸಸಂಖ್ಯೆ. ಗುಂಪಿನೊಳಗೆ ಬಹುಮತ ಯಾವ ಕಡೆಗೋ ರಾಜ್ಯದ ಒಂದು ಮತ ಆ ಕಡೆಗೆ. ಸಮನಾಗಿ ಒಡೆದರೆ ಆ ರಾಜ್ಯದ ಮತ ಯಾವ ಕಡೆಗೂ ಇಲ್ಲ. ಮ್ಯಾಸಚೂಸೆಟ್ಸ್‌ಗೆ ನಾಲ್ವರು ಏಕೆ ಎಂಬುದು ಮರುದಿನ ಗೊತ್ತಾಗುತ್ತದೆ.

ಅಧ್ಯಕ್ಷರ ಕುರ್ಚಿ ಮೇಷ್ಟ್ರಿಗಲ್ಲ. ತರಗತಿಯ ವಾಚಾಳಿಗೂ ಅಲ್ಲ. ಜಾರ್ಜ್ ವಾಷಿಂಗ್ಟನ್ ನಾಲ್ಕು ತಿಂಗಳು ಆ ಕುರ್ಚಿಯಲ್ಲಿ ಕೂತು ಚರ್ಚೆಯಲ್ಲಿ ಬಾಯಿಬಿಟ್ಟದ್ದು ಕೊನೆಯ ದಿನ. ಎಲ್ಲರೂ ಗೌರವಿಸುವ, ಕಡಿಮೆ ಮಾತಿನ ಹುಡುಗಿಯನ್ನೋ ಹುಡುಗನನ್ನೋ ಕೂರಿಸಿ. ಬರೆದುಕೊಳ್ಳುವ ಇಬ್ಬರ ಹಾಳೆ ಕೊನೆಗೆ ತುಂಬ ಬೆಲೆಬಾಳುತ್ತದೆ, ಕೈಬರಹ ಚೆನ್ನಾಗಿರುವವರನ್ನು ಹುಡುಕಿ. ಜೇಮ್ಸ್ ಮ್ಯಾಡಿಸನ್ ಮುಂದಿನ ಸಾಲಿನಲ್ಲಿ ಕೂತು ದಿನದಿನವೂ ಬರೆದುಕೊಂಡಿರದಿದ್ದರೆ ಒಳಗೆ ಏನಾಯಿತೆಂಬುದರ ಬಹುಪಾಲು ನಮಗೆ ತಿಳಿಯುತ್ತಿರಲಿಲ್ಲ. ಆ ಟಿಪ್ಪಣಿ ಅಚ್ಚಾದದ್ದು 1840ರಲ್ಲಿ, ಅವನು ಸತ್ತ ಮೇಲೆ.

ಬಾಗಿಲು ಮುಚ್ಚಿ, ಮೊಬೈಲ್ ಹೊರಗಿಡಿಸಿ. ಅಲ್ಲಿಯೂ ಮಾತು ಹೊರಗೆ ಹೋಗಬಾರದೆಂದು ಬೇಸಿಗೆಯ ಸೆಕೆಯಲ್ಲೇ ಗುಟ್ಟಾಗಿ ಸಭೆ ನಡೆಸಿದರು. ಇನ್ನೆರಡು ನಿಯಮಗಳನ್ನು ಅವರಿಂದಲೇ ಎರವಲು ತನ್ನಿ: ಯಾರು ಯಾವ ಕಡೆ ಮತ ಹಾಕಿದರೆಂದು ಅಧಿಕೃತ ದಾಖಲೆಯಲ್ಲಿ ಹೆಸರು ಬರೆಯುವಂತಿಲ್ಲ, ತೀರ್ಮಾನವಾದ ವಿಷಯವನ್ನು ಮತ್ತೆ ಎತ್ತಬಹುದು. ಕೇಳಲು ಸಣ್ಣ ವಿಷಯ. ಆದರೆ ಹೆಸರು ಬೋರ್ಡಿನ ಮೇಲೆ ಬಿದ್ದ ಮಗು ಆಡಿದ ಮಾತಿಗೆ ಅಂಟಿಕೊಂಡುಬಿಡುತ್ತದೆ, ಎಷ್ಟು ವಾದಿಸಿದರೂ ಜಗ್ಗುವುದಿಲ್ಲ. ದೊಡ್ಡವರೂ ಅಷ್ಟೆ, ಅದಕ್ಕೇ ಆ ನಿಯಮ ಮಾಡಿಕೊಂಡಿದ್ದು.

ಈಗ ಎರಡು ಯೋಜನೆಗಳನ್ನು ಚಾರ್ಟ್ ಮೇಲೆ ಅಕ್ಕಪಕ್ಕ ಬರೆಯಿರಿ. ಮೇ 29ರ ವರ್ಜೀನಿಯಾ ಯೋಜನೆ: ಎರಡು ಸದನ, ಎರಡರಲ್ಲೂ ಸೀಟು ಜನಸಂಖ್ಯೆಯ ಅಥವಾ ಕೊಡುವ ಹಣದ ಪ್ರಮಾಣದಲ್ಲಿ, ಕಾರ್ಯಾಂಗವನ್ನು ಶಾಸಕಾಂಗವೇ ಆರಿಸುವುದು. ಜೂನ್ 15ರ ನ್ಯೂಜೆರ್ಸಿ ಯೋಜನೆ: ಒಂದೇ ಸದನ, ರಾಜ್ಯಕ್ಕೊಂದು ಮತ, ಆದರೆ ಕಾಂಗ್ರೆಸ್‌ಗೆ ಸುಂಕ ಹಾಕುವ, ವ್ಯಾಪಾರ ನಿಯಂತ್ರಿಸುವ ಅಧಿಕಾರ. ಮೊದಲನೆಯದರಲ್ಲಿ 15 ನಿರ್ಣಯಗಳಿದ್ದವು. ಎಲ್ಲವನ್ನೂ ಹಂಚಿದರೆ ಓದುವುದರಲ್ಲೇ ಪೀರಿಯಡ್ ಮುಗಿದುಹೋಗುತ್ತದೆ. ಗುಂಪಿನೊಳಗೆ ಚರ್ಚೆಗೆ ಹತ್ತು ನಿಮಿಷ, ರಾಜ್ಯಕ್ಕೆ ಒಂದೂವರೆ ನಿಮಿಷದ ಮಾತು, ಬೆಲ್ ಹೊಡೆದರೆ ಕೂರಬೇಕು.

ಇಲ್ಲಿ ಪಾಠ ಹಳಿ ತಪ್ಪುವುದು ಒಂದೇ ಕಾರಣಕ್ಕೆ. ‘ಜನ ಜಾಸ್ತಿ ಇದ್ದರೆ ಸೀಟು ಜಾಸ್ತಿ, ಅದರಲ್ಲೇನು ಚರ್ಚೆ?’ ಎಂದು ಎಲ್ಲರೂ ವರ್ಜೀನಿಯಾ ಕಡೆ ವಾಲುತ್ತಾರೆ. ಡೆಲವೇರ್ ಮಕ್ಕಳೂ ತಲೆ ಆಡಿಸುತ್ತಾರೆ. ಅದಕ್ಕೆ ಮದ್ದು ಡೆಲವೇರ್ ಚೀಟಿಯ ಹಿಂಬದಿಯಲ್ಲಿರಲಿ: ‘ರಾಜ್ಯಕ್ಕೊಂದು ಮತ ಎಂಬುದನ್ನು ಬಿಟ್ಟುಕೊಡಬಾರದೆಂದು ನಿಮ್ಮ ಶಾಸನಸಭೆ ಬರೆದು ಕಳಿಸಿದೆ. ಬಿಟ್ಟುಕೊಡುವ ಅಧಿಕಾರವೇ ನಿಮಗಿಲ್ಲ.’ ಇದು ಕಟ್ಟುಕತೆಯಲ್ಲ, ಡೆಲವೇರ್ ಪ್ರತಿನಿಧಿಗಳು ತಂದ ಅಧಿಕಾರಪತ್ರದಲ್ಲೇ ಹಾಗಿತ್ತು. ನಮ್ಮ ಮಕ್ಕಳಿಗಾದರೆ ಇನ್ನೊಂದು ಸಂಖ್ಯೆ ಕೊಡಿ: ರಾಜ್ಯಸಭೆಯಲ್ಲಿ ಕರ್ನಾಟಕಕ್ಕೆ 12 ಸೀಟು, ಗೋವಾಕ್ಕೆ 1. ನಮ್ಮ ಸಂವಿಧಾನ ಸಭೆ ಡೆಲವೇರ್ ದಾರಿ ಹಿಡಿಯಲಿಲ್ಲ. ಗೋವಾದವರಾಗಿ ಯೋಚಿಸಿ ನೋಡಿ ಎಂದರೆ ವಾದ ಬಿಸಿಯೇರುತ್ತದೆ.

ಮೂರನೇ ಪೀರಿಯಡ್: ಜುಲೈ 16

ಜುಲೈ 2ರ ಸ್ಥಿತಿಯಿಂದ ಶುರು ಮಾಡಿ. ಮೇಲ್ಮನೆಯಲ್ಲಿ ಸಮಾನ ಮತ ಬೇಕೇ ಎಂದು ಕೇಳಿದಾಗ ಪರ 5, ವಿರುದ್ಧ 5, ಜಾರ್ಜಿಯಾ ಒಡೆದಿತ್ತು. ಸಭೆ ಪೂರ್ತಿ ಸಿಕ್ಕಿಹಾಕಿಕೊಂಡಿತು. ರಾಜ್ಯಕ್ಕೊಬ್ಬರಂತೆ ಸಮಿತಿ ಮಾಡಿ ಒಂದು ದಾರಿ ಹುಡುಕಿದರು: ಕೆಳಮನೆ ಜನಸಂಖ್ಯೆಗೆ, ಮೇಲ್ಮನೆ ಸಮಾನ. ಕನೆಕ್ಟಿಕಟ್‌ನ ರೋಜರ್ ಶೆರ್ಮನ್ ಇದನ್ನೇ ಜೂನ್ 11ರಂದು ಹೇಳಿದ್ದ, ಆಗ ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ತರಗತಿಯಲ್ಲೂ ಹಾಗೇ ಮಾಡಿ. ಹತ್ತು ಗುಂಪಿನಿಂದ ಒಬ್ಬೊಬ್ಬರು ಮೂಲೆಯಲ್ಲಿ ಹತ್ತು ನಿಮಿಷ ಕೂರಲಿ. ಉಳಿದವರು ಎದ್ದು ಓಡಾಡಿ ಬೇರೆ ಗುಂಪಿನವರ ಮನವೊಲಿಸಲಿ. ಗದ್ದಲವಾಗುತ್ತದೆ, ಆಗಲಿ. ಆಮೇಲೆ ಮತ. ಫಲಿತಾಂಶ ಏನೇ ಬರಲಿ ತಿದ್ದಬೇಡಿ, ಬೋರ್ಡಿನ ಎಡಕ್ಕೆ ಬರೆಯಿರಿ. ಬಲಕ್ಕೆ ನಿಜವಾಗಿ ಆದದ್ದು:

ಪರ: ಕನೆಕ್ಟಿಕಟ್, ನ್ಯೂಜೆರ್ಸಿ, ಡೆಲವೇರ್, ಮೇರಿಲ್ಯಾಂಡ್, ಉತ್ತರ ಕ್ಯಾರೊಲಿನಾ.
ವಿರುದ್ಧ: ಪೆನ್ಸಿಲ್ವೇನಿಯಾ, ವರ್ಜೀನಿಯಾ, ದಕ್ಷಿಣ ಕ್ಯಾರೊಲಿನಾ, ಜಾರ್ಜಿಯಾ.
ಒಡೆದದ್ದು: ಮ್ಯಾಸಚೂಸೆಟ್ಸ್.

ಐದು, ನಾಲ್ಕು, ಒಂದು. ಮ್ಯಾಸಚೂಸೆಟ್ಸ್‌ನ ನಾಲ್ವರಲ್ಲಿ ಎಲ್ಬ್ರಿಜ್ ಗೆರಿ ಮತ್ತು ಕೇಲೆಬ್ ಸ್ಟ್ರಾಂಗ್ ಪರ. ರೂಫಸ್ ಕಿಂಗ್ ಮತ್ತು ನಥಾನಿಯಲ್ ಗೋರಮ್ ವಿರುದ್ಧ. ಈಗ ತರಗತಿಗೆ ಒಂದು ಲೆಕ್ಕ ಕೊಡಿ: ಫಲಿತಾಂಶ ಕೆಡಲು ಕನಿಷ್ಠ ಎಷ್ಟು ಜನ ಮನಸ್ಸು ಬದಲಿಸಬೇಕಿತ್ತು? ‘ಒಂದು ರಾಜ್ಯ’ ಎನ್ನುತ್ತಾರೆ. ‘ಜನ ಎಷ್ಟು?’ ಎಂದು ಮತ್ತೆ ಕೇಳಿ. ಸ್ಟ್ರಾಂಗ್ ಒಬ್ಬ ಆಚೆ ಕಡೆಗೆ ಸರಿದಿದ್ದರೆ ಮ್ಯಾಸಚೂಸೆಟ್ಸ್ 1-3, ಒಟ್ಟು 5-5, ಪ್ರಸ್ತಾವ ಬೀಳುತ್ತಿತ್ತು. ಕ್ಯಾಲಿಫೋರ್ನಿಯಾಕ್ಕೂ ಡೆಲವೇರ್‌ಗೂ ಎರಡೆರಡು ಸೀಟು ಎಂಬುದು ಅಷ್ಟು ತೆಳುವಾದ ಎಳೆಯ ಮೇಲೆ ನಿಂತಿದೆ. ಉತ್ತರ ಕ್ಯಾರೊಲಿನಾ ಜುಲೈ 2ರಂದು ವಿರುದ್ಧವಿತ್ತು, 16ರಂದು ಪರ ಬಂತು ಎಂಬುದನ್ನೂ ತೋರಿಸಿ. ಹೆಸರು ಬರೆಯದ ನಿಯಮ ಯಾಕಿತ್ತು ಎಂದು ಆಗ ಯಾರೂ ಹೇಳಿಕೊಡಬೇಕಾಗಿಲ್ಲ.

ನಾಲ್ಕನೇ ಪೀರಿಯಡ್: ಐದರಲ್ಲಿ ಮೂರು

ಕೆಳಮನೆ ಜನಸಂಖ್ಯೆಗೆ ಎಂದಾಯಿತು. ಜನ ಅಂದರೆ ಯಾರು? ಇಲ್ಲಿ ಕ್ಯಾಲ್ಕ್ಯುಲೇಟರ್ ತೆಗೆಸಿ. 1790ರ ಮೊದಲ ಜನಗಣತಿಯ ಅಂಕಿ ಬಳಸಿ. ಸಮಾವೇಶದಲ್ಲಿ ಕೂತವರ ಬಳಿ ಅಂದಾಜು ಮಾತ್ರ ಇತ್ತು ಎಂದು ಹೇಳಿರಿ. ವರ್ಜೀನಿಯಾ: ಒಟ್ಟು 7,47,610, ಅದರಲ್ಲಿ ಗುಲಾಮರು 2,92,627. ದಕ್ಷಿಣ ಕ್ಯಾರೊಲಿನಾ: ಒಟ್ಟು 2,49,073, ಗುಲಾಮರು 1,07,094. ಮ್ಯಾಸಚೂಸೆಟ್ಸ್, ಆಗ ಅದರೊಳಗೇ ಇದ್ದ ಮೇನ್ ಸೇರಿ: 4,75,327, ಗುಲಾಮರು ಸೊನ್ನೆ. 1792ರಲ್ಲಿ ಹಿಡಿದ ಲೆಕ್ಕ 33,000 ಜನಕ್ಕೆ ಒಂದು ಸೀಟು, ಉಳಿಕೆ ಬಿಟ್ಟುಬಿಡುವುದು.

ಮೂರು ಬಗೆಯಲ್ಲಿ ಮಾಡಿಸಿ. ಗುಲಾಮರನ್ನು ಲೆಕ್ಕಕ್ಕೇ ಹಿಡಿಯದಿದ್ದರೆ ವರ್ಜೀನಿಯಾಕ್ಕೆ 13, ದಕ್ಷಿಣ ಕ್ಯಾರೊಲಿನಾಕ್ಕೆ 4. ಐದರಲ್ಲಿ ಮೂರು ಪಾಲು ಹಿಡಿದರೆ 19 ಮತ್ತು 6. ಪೂರ್ತಿ ಹಿಡಿದರೆ 22 ಮತ್ತು 7. ಮ್ಯಾಸಚೂಸೆಟ್ಸ್ ಮೂರರಲ್ಲೂ 14. ನಿಜಕ್ಕೂ ಸಿಕ್ಕ ಸೀಟು 19, 6, 14. ತಮ್ಮ ಕ್ಯಾಲ್ಕ್ಯುಲೇಟರ್‌ನಲ್ಲಿ ಬಂದ ಸಂಖ್ಯೆಯೇ ಇತಿಹಾಸದಲ್ಲೂ ಇದೆ ಎಂದಾಗ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ. (ಈ ಹಂಚಿಕೆಯ ಮೊದಲ ಮಸೂದೆಯೇ ವಾಷಿಂಗ್ಟನ್‌ನ ಮೊದಲ ವೀಟೊ ಕಂಡದ್ದು, ಅದೂ ಭಾಗಾಕಾರದ ಜಗಳಕ್ಕೆ.)

ತಪ್ಪು ತಿಳಿವಳಿಕೆ ಎರಡು. ಒಂದು, ‘ಗುಲಾಮರಿಗೆ ಐದರಲ್ಲಿ ಮೂರು ಮತ ಇತ್ತು’ ಎಂಬುದು. ಅವರಿಗಿದ್ದ ಮತ ಸೊನ್ನೆ. ಅವರ ತಲೆ ಎಣಿಸಿ ಸೀಟು ಪಡೆದದ್ದು ಅವರನ್ನು ಇಟ್ಟುಕೊಂಡ ರಾಜ್ಯ. ಎರಡು, ‘ಪೂರ್ತಿ ಎಣಿಸಿ ಎಂದವರು ಒಳ್ಳೆಯವರು’ ಎಂಬುದು. ಪೂರ್ತಿ ಎಣಿಸಿ ಎಂದು ಪಟ್ಟು ಹಿಡಿದದ್ದು ದಕ್ಷಿಣದ ಗುಲಾಮಿ ರಾಜ್ಯಗಳು. 4 ಮತ್ತು 7ರ ವ್ಯತ್ಯಾಸ ಕಣ್ಣೆದುರು ಇದ್ದರೆ ಇದಕ್ಕೆ ಭಾಷಣ ಬೇಡ. ಅಧ್ಯಕ್ಷರನ್ನು ಆರಿಸುವ ಎಲೆಕ್ಟರ್‌ಗಳ ಸಂಖ್ಯೆಯೂ ಈ ಸೀಟುಗಳ ಮೇಲೆಯೇ ನಿಂತಿತ್ತು ಎಂದು ಒಂದು ಸಾಲು ಸೇರಿಸಿ.

ಆಮೇಲೆ ಪ್ರಿಂಟ್ ಕೊಟ್ಟು ‘ಗುಲಾಮ’ ಎಂಬ ಪದ ಹುಡುಕಿಸಿ. ಸಿಗುವುದಿಲ್ಲ. ಮೊದಲ ವಿಧಿಯಲ್ಲಿ ‘ಇತರ ಎಲ್ಲ ವ್ಯಕ್ತಿಗಳು’ ಎಂಬ ಅರ್ಥದ ಮಾತಿದೆ. 1808ರವರೆಗೆ ಕೆಲವು ‘ವ್ಯಕ್ತಿಗಳ’ ಆಮದನ್ನು ತಡೆಯುವಂತಿಲ್ಲ ಎಂದಿದೆ. ನಾಲ್ಕನೇ ವಿಧಿಯಲ್ಲಿ ತಪ್ಪಿಸಿಕೊಂಡವರನ್ನು ಒಪ್ಪಿಸಬೇಕೆಂದಿದೆ. ಮೂರನ್ನೂ ಕೆಂಪು ಪೆನ್ನಿನಲ್ಲಿ ಗುರುತು ಮಾಡಿಸಿ. ಮಾಡುವ ಕೆಲಸಕ್ಕೆ ಹೆಸರು ಹೇಳಲು ನಾಚಿಕೆಯಿತ್ತು ಎಂಬುದನ್ನು ಮಕ್ಕಳೇ ಹೇಳುತ್ತಾರೆ. ಗುಲಾಮಗಿರಿ ಕಾನೂನಿನಲ್ಲಿ ಕೊನೆಗೊಂಡದ್ದು 1865ರ 13ನೇ ತಿದ್ದುಪಡಿಯಿಂದ.

ಈ ದಿನ ಪಾತ್ರಾಭಿನಯ ಬೇಡವೇ ಬೇಡ. ಯಾವ ಮಗುವನ್ನೂ ಗುಲಾಮನ ಪಾತ್ರಕ್ಕೆ ನಿಲ್ಲಿಸಬೇಡಿ, ಹರಾಜು ಆಡಿಸಬೇಡಿ. ನಗುವವರು ನಗುತ್ತಾರೆ, ನಿಂತ ಮಗುವಿಗೆ ಅದು ವರ್ಷಗಟ್ಟಲೆ ಅಡ್ಡಹೆಸರಾಗಿ ಉಳಿಯುತ್ತದೆ. ಅಮೆರಿಕದ ತರಗತಿಯಲ್ಲಿ ಬಣ್ಣ, ನಮ್ಮಲ್ಲಿ ಜಾತಿ. ಯಾರನ್ನು ಆರಿಸಿದರೂ ಗಾಯವೇ. ಲೆಕ್ಕ ಮತ್ತು ಮೂಲ ಪಾಠ ಎರಡೇ ಸಾಕು.

ಐದನೇ ಪೀರಿಯಡ್: ಸಹಿ, ಮತ್ತೆ ಆ ಚೀಟಿ

ಈಗ ಮೂರು ಚೌಕ ಬರೆಯಬಹುದು, ಹದಿನೈದು ನಿಮಿಷಕ್ಕೆ ಮೀರದಂತೆ. ಅಧ್ಯಕ್ಷರನ್ನು ಹೇಗೆ ಆರಿಸುವುದೆಂಬ ಗೊಂದಲ ಸೆಪ್ಟೆಂಬರ್‌ವರೆಗೂ ಬಗೆಹರಿಯಲಿಲ್ಲ, ಆ ತನಕ ತೀರ್ಮಾನ ಮತ್ತೆ ಮತ್ತೆ ಬದಲಾಗುತ್ತಲೇ ಇತ್ತು ಎಂದಷ್ಟು ಹೇಳಿದರೆ ಬಾಣಗಳು ಯಾಕೆ ಅಷ್ಟು ಸಿಕ್ಕುಸಿಕ್ಕಾಗಿವೆ ಎಂದು ಗೊತ್ತಾಗುತ್ತದೆ.

ಸೆಪ್ಟೆಂಬರ್ 17ರ ಸಹಿಯ ಲೆಕ್ಕ: ಬೇರೆಬೇರೆ ದಿನ ಹಾಜರಾದವರು 55, ಸಹಿ 39. ‘ಉಳಿದ 16 ಜನ ವಿರೋಧಿಸಿದರು’ ಎಂದು ಬರೆಯುವುದು ತಪ್ಪು. ಬಹಳಷ್ಟು ಜನ ಅಷ್ಟರಲ್ಲಿ ಊರಿಗೆ ಹೋಗಿದ್ದರು. ಅಲ್ಲೇ ಕೂತಿದ್ದು ಸಹಿ ಹಾಕದವರು ಮೂವರು: ಜಾರ್ಜ್ ಮೇಸನ್, ಎಡ್ಮಂಡ್ ರಾಂಡಾಲ್ಫ್, ಎಲ್ಬ್ರಿಜ್ ಗೆರಿ. ವರ್ಜೀನಿಯಾ ಯೋಜನೆ ಮಂಡಿಸಿದವನೇ ರಾಂಡಾಲ್ಫ್. ಜುಲೈ 16ರ ರಾಜಿಯನ್ನು ಉಳಿಸಿದವರಲ್ಲಿ ಒಬ್ಬ ಗೆರಿ. ಹಕ್ಕುಗಳ ಮಸೂದೆ ಬೇಕೆಂದು ಸೆಪ್ಟೆಂಬರ್ 12ರಂದು ಕೇಳಿದಾಗ ಒಂದು ರಾಜ್ಯವೂ ಒಪ್ಪಲಿಲ್ಲ. ಹತ್ತು ತಿದ್ದುಪಡಿಗಳಾಗಿ ಅದು ಬಂದದ್ದು 1791ರ ಡಿಸೆಂಬರ್ 15ಕ್ಕೆ.

ಮೌಲ್ಯಮಾಪನಕ್ಕೆ ಎರಡು ಪ್ಯಾರಾ ಬರೆಸಿ: ನಿಮ್ಮ ರಾಜ್ಯ ಹೀಗೇ ಮತ ಹಾಕಲು ಕಾರಣವೇನು, ಬದಲಿಸುವುದಾದರೆ ಏನು ಸಿಗಬೇಕಿತ್ತು. ‘ಯಾರು ಸರಿ?’ ಎಂದು ಕೇಳಿದರೆ ಗೈಡಿನ ಉತ್ತರವೇ ಬರುತ್ತದೆ. ಬರೆದುಕೊಂಡ ಇಬ್ಬರ ಹಾಳೆಯನ್ನು ಪಕ್ಕದಲ್ಲಿಟ್ಟು ತಿದ್ದಿ.

ಕೊನೆಯ ಹತ್ತು ನಿಮಿಷಕ್ಕೆ ಹದಿಮೂರು ಚೀಟಿ ಮತ್ತೆ ಹಂಚಿ, ರೋಡ್ ಐಲೆಂಡ್ ಅದೇ ಕೈಗೆ. ಏಳನೇ ವಿಧಿ ಓದಿಸಿ: ಒಂಬತ್ತು ರಾಜ್ಯ ಒಪ್ಪಿದರೆ ಅವುಗಳ ನಡುವೆ ಸಂವಿಧಾನ ಜಾರಿ. ಹಳೆಯ ನಿಯಮದ ಪ್ರಕಾರ ಹದಿಮೂರೂ ಬೇಕಿತ್ತು ಎಂದು ಯಾರಾದರೂ ಎದ್ದು ಹೇಳಲೇಬೇಕು, ಹೇಳದಿದ್ದರೆ ಕಾಯಿರಿ. ಆಮೇಲೆ ದಿನಾಂಕ ಕೂಗುತ್ತ ಒಬ್ಬೊಬ್ಬರನ್ನೇ ನಿಲ್ಲಿಸಿ. ಡೆಲವೇರ್ ಮೊದಲು, 1787ರ ಡಿಸೆಂಬರ್ 7, ಅದೂ 30-0. ಸೆನೆಟ್‌ನಲ್ಲಿ ಸಮಾನ ಸೀಟು ಸಿಕ್ಕವರಿಗೆ ಅವಸರ ಇದ್ದದ್ದೇ. ಮ್ಯಾಸಚೂಸೆಟ್ಸ್ 187-168. ನ್ಯೂಹ್ಯಾಂಪ್‌ಶೈರ್ 1788ರ ಜೂನ್ 21ಕ್ಕೆ ಒಂಬತ್ತನೆಯದು, ಅಲ್ಲಿಗೆ ಸರ್ಕಾರ ಹುಟ್ಟಿತು. ವರ್ಜೀನಿಯಾ 89-79, ನ್ಯೂಯಾರ್ಕ್ 30-27. 1789ರ ಏಪ್ರಿಲ್ 30ರಂದು ವಾಷಿಂಗ್ಟನ್ ಪ್ರಮಾಣವಚನ ತೆಗೆದುಕೊಂಡಾಗ ಇನ್ನೂ ಇಬ್ಬರು ಕೂತೇ ಇರುತ್ತಾರೆ: ಉತ್ತರ ಕ್ಯಾರೊಲಿನಾ ಮತ್ತು ರೋಡ್ ಐಲೆಂಡ್. ಆ ನವೆಂಬರ್‌ನಲ್ಲಿ ಉತ್ತರ ಕ್ಯಾರೊಲಿನಾ ಏಳುತ್ತದೆ. ರೋಡ್ ಐಲೆಂಡ್ ಒಂದೇ ಉಳಿಯುತ್ತದೆ, ಈ ಸಲ ಅದರ ‘ಇಲ್ಲ’ಕ್ಕೆ ಯಾರೂ ತಿರುಗಿ ನೋಡುವುದಿಲ್ಲ. 1790ರ ಮೇ 29ರಂದು ಅದೂ ಎದ್ದಿತು, 34-32.